ನಕ್ಷೆ ತೋರದ್ದನ್ನು ಮಾದರಿಯಲ್ಲಿ ಕೂರಿಸಲೇ?

ಅಕ್ಕಾವ್ರೆ,

ನಾನು ಇಳಕಲ್ಲಿನವಳು. ಮನೆಯಲ್ಲಿ ಮಗ್ಗವಿದೆ, ಅವ್ವ ಈಗಲೂ ನೇಯುತ್ತಾಳೆ. ಹುನಗುಂದದಲ್ಲಿ ಪಿಯುಸಿ, ಬಾಗಲಕೋಟೆಯಲ್ಲಿ ಬಿ.ಎಸ್ಸಿ ಮಾಡಿ, ಎಂ.ಎಸ್ಸಿ ಮುಗಿಸಿಕೊಂಡು ಈಗ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ನಾಲ್ಕನೇ ವರ್ಷ. ಒಂದು ಬ್ಯಾಕ್ಟೀರಿಯಾದ ಕಿಣ್ವದ ರಚನೆಯನ್ನು ಎಕ್ಸ್-ಕಿರಣ ಸ್ಫಟಿಕ ವಿಧಾನದಿಂದ ಬಿಡಿಸುವುದು ನನ್ನ ಕೆಲಸ. ಹರಳು ಬೆಳೆಯಿತು, 2.6 ಆಂಗ್‌ಸ್ಟ್ರಾಂ ಡೇಟಾ ಸಿಕ್ಕಿತು, ಮಾದರಿಯೂ ಕೂತಿತು. ಆದರೆ ತಿಂಗಳುಗಳಿಂದ ಆರ್ 21ಕ್ಕೆ, ಆರ್-ಫ್ರೀ 29ಕ್ಕೆ ನಿಂತುಬಿಟ್ಟಿವೆ. ನೀರಿನ ಅಣುಗಳನ್ನು ಸೇರಿಸಿದಷ್ಟೂ ಆರ್ ಇಳಿಯುತ್ತದೆ, ಆರ್-ಫ್ರೀ ಅಲ್ಲಾಡುವುದಿಲ್ಲ.

ಕಿಣ್ವದ ನಡುವಿನ ಗುಂಡಿಯಲ್ಲಿ ಒಂದು ಮಸುಕಾದ ಗಡ್ಡೆ ಕಾಣುತ್ತದೆ. ನಮ್ಮ ಸರ್, “ಅದೇ ನಮ್ಮ ಔಷಧದ ಅಣು, ಕೂರಿಸು, ಪೇಪರ್ ಬರೆಯೋಣ” ಅನ್ನುತ್ತಾರೆ. ಕೂರಿಸಿದರೆ ಕೂರುತ್ತದೆ. ರಿಫೈನ್ ಮಾಡಿದ ಮೇಲೆ ಅದರ ಸುತ್ತಲಿನ ನಕ್ಷೆಯೂ ಚೆಂದ ಕಾಣುತ್ತದೆ. ಆದರೂ ನನಗೆ ನಂಬಿಕೆ ಬರುತ್ತಿಲ್ಲ. ಸರ್ ಎದುರು ಹೇಳುವ ಧೈರ್ಯವಿಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆಂದು ಊರಿಗೆ ಬಂದಾಗ ಅಣ್ಣ, “ಇನ್ನೂ ಎಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂಡತೀ?” ಎಂದ. ಬಿಟ್ಟು ಬಂದು ಬಿ.ಎಡ್ ಮಾಡಲೇ ಅನಿಸುತ್ತಿದೆ. ಈ ಕೆಲಸಕ್ಕೆ ನಾನು ತಕ್ಕವಳೇ ಅಲ್ಲವೇ, ಹೇಳಿ.

— ಹೆಸರು ಬೇಡ, ಇಳಕಲ್

ತಂಗಿ, ಶರಣು.

ಕೊನೆಯ ಪ್ರಶ್ನೆಯನ್ನು ಆಮೇಲೆ ನೋಡೋಣ. ಮೊದಲು ಆ ಅಣುವಿನ ಮಾತು. ಈಗ ಕೂರಿಸಬೇಡ. ಕೂರಿಸಿದ್ದರೆ ತೆಗೆ. ಅದಿಲ್ಲದೆ ಲೆಕ್ಕ ಹಾಕಿದಾಗಲೂ ಅದು ತಾನಾಗಿ ಕಾಣಿಸಿಕೊಂಡರೆ ಆಗ ನಿಶ್ಚಿಂತೆಯಿಂದ ಕೂರಿಸು.

ಕೂರಿಸಿದ ಮೇಲೆ ನಕ್ಷೆ ಚೆಂದ ಕಾಣುತ್ತದೆ ಎಂದು ಬರೆದಿದ್ದೀಯಲ್ಲ, ನಿನ್ನ ಅನುಮಾನ ಅಲ್ಲೇ ಹುಟ್ಟಿರಬೇಕು. ಹುಟ್ಟಬೇಕಾದ ಜಾಗವೂ ಅದೇ. ಅಂಕಣದ ಉಳಿದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರೋಟೀನಿನ ಹರಳಿನ ಮೇಲೆ ಎಕ್ಸ್-ಕಿರಣ ಬಿದ್ದಾಗ ಅದು ಸಾವಿರಾರು ಚುಕ್ಕೆಗಳಾಗಿ ಚದುರುತ್ತದೆ. ಪ್ರತಿ ಚುಕ್ಕೆ ಎಷ್ಟು ಪ್ರಖರ ಎಂಬುದನ್ನು ಡಿಟೆಕ್ಟರ್ ಅಳೆಯುತ್ತದೆ. ಆ ಅಲೆಯ ಏರಿಳಿತ ಯಾವ ಹಂತದಲ್ಲಿತ್ತು ಎಂಬುದು, ಅಂದರೆ ಫೇಸ್, ಅಳತೆಗೆ ಸಿಗುವುದಿಲ್ಲ. ಎಲೆಕ್ಟ್ರಾನುಗಳ ನಕ್ಷೆ ಬರೆಯಲು ಎರಡೂ ಬೇಕು. ಹಾಗಾಗಿ ರಿಫೈನ್‌ಮೆಂಟಿನಲ್ಲಿ (ಮಾದರಿಯನ್ನು ಡೇಟಾಕ್ಕೆ ಹೊಂದುವಂತೆ ತಿದ್ದುತ್ತಾ ಹೋಗುವ ಹಂತದಲ್ಲಿ) ಪ್ರಖರತೆಯನ್ನು ಹರಳಿನಿಂದ ಪಡೆದು, ಫೇಸನ್ನು ನಮ್ಮ ಮಾದರಿಯಿಂದಲೇ ಕಡ ತರುತ್ತೇವೆ. ನಕ್ಷೆಯ ರೂಪವನ್ನು ಹೆಚ್ಚಾಗಿ ತೀರ್ಮಾನಿಸುವುದು ಆ ಕಡ ತಂದ ಭಾಗ. ಮಾದರಿಯಲ್ಲಿ ನೀನು ಏನಿಟ್ಟೆಯೋ ಅದು ನಕ್ಷೆಯಲ್ಲಿ ಸ್ವಲ್ಪವಾದರೂ ಮೂಡಿಯೇ ಮೂಡುತ್ತದೆ, ಅದು ಹರಳಿನಲ್ಲಿ ಇಲ್ಲದಿದ್ದರೂ. ಆದ್ದರಿಂದ ಅಣು ಕೂರಿಸಿದ ಮೇಲಿನ ನಕ್ಷೆ ಅಣುವಿಗೆ ಸಾಕ್ಷಿಯಾಗಲಾರದು.

ಇದು ಬರೀ ಪಾಠದ ಮಾತಲ್ಲ. 2000ದಲ್ಲಿ ಬಾಟುಲಿನಂ ವಿಷದ ಬಿ ಬಗೆಯ ಪ್ರೋಟೀನು, ತಾನು ಕತ್ತರಿಸುವ ಸಿನಾಪ್ಟೊಬ್ರೆವಿನ್ ಎಂಬ ಪ್ರೋಟೀನಿನ ತುಣುಕಿನೊಂದಿಗೆ ಕೂಡಿರುವ ರಚನೆಯೊಂದು ಹೆಸರಾಂತ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷವೇ ರುಪ್ ಮತ್ತು ಸೆಗೆಲ್ಕೆ ಎಂಬಿಬ್ಬರು ಆ ತುಣುಕು ಅಲ್ಲಿದೆ ಎನ್ನಲು ನಕ್ಷೆಯಲ್ಲಿ ಆಧಾರ ಕಾಣುವುದಿಲ್ಲ ಎಂದು ಬರೆದರು. ಪ್ರಬಂಧವನ್ನು ಹಿಂದೆ ಪಡೆದದ್ದು 2009ರಲ್ಲಿ. ಆ ಪ್ರಬಂಧ ಸರಿ ಎಂದುಕೊಂಡು ನಡುವಿನ ವರ್ಷಗಳಲ್ಲಿ ಯೋಚಿಸಿದವರ ಶ್ರಮವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ರಚನೆಯ ರೆಸಲ್ಯೂಷನ್ 2 ಆಂಗ್‌ಸ್ಟ್ರಾಂ ಇತ್ತು, ಈ ಅಂಕಿ ಚಿಕ್ಕದಾದಷ್ಟೂ ಸ್ಪಷ್ಟತೆ ಹೆಚ್ಚು, ಹಾಗಾಗಿ ನಿನ್ನದಕ್ಕಿಂತ ಎಷ್ಟೋ ಸ್ಪಷ್ಟ. ಸ್ಪಷ್ಟ ಡೇಟಾ ಇದ್ದಲ್ಲೂ ಬಯಸಿದ್ದೇ ಕಣ್ಣಿಗೆ ಬೀಳಬಹುದಾದರೆ 2.6ರಲ್ಲಿ ಇನ್ನೆಷ್ಟು ಎಚ್ಚರ ಬೇಕು, ನೀನೇ ಯೋಚಿಸು.

ಹಾಗಾದರೆ ಪರೀಕ್ಷೆ ಹೇಗೆ? ಔಷಧದ ಅಣುವನ್ನೂ ಆ ಗುಂಡಿಯಲ್ಲಿ ಇಟ್ಟಿರುವ ನೀರುಗಳನ್ನೂ ತೆಗೆದುಹಾಕು. ಉಳಿದ ಪರಮಾಣುಗಳನ್ನು ಸ್ವಲ್ಪ ಅಲುಗಿಸಿ ಮತ್ತೆ ಕೆಲವು ಸುತ್ತು ರಿಫೈನ್ ಮಾಡು. ಅಲುಗಿಸದಿದ್ದರೆ ಹಳೆಯ ಅಣುವಿನ ನೆನಪು ಪಕ್ಕದ ಪರಮಾಣುಗಳಲ್ಲಿ ಉಳಿದುಬಿಡುತ್ತದೆ. ಆಮೇಲೆ ಬರುವ, ಡೇಟಾದಲ್ಲಿದ್ದೂ ಮಾದರಿಯಲ್ಲಿ ಇಲ್ಲದ್ದನ್ನು ತೋರಿಸುವ ವ್ಯತ್ಯಾಸದ ನಕ್ಷೆಯನ್ನು 3 ಸಿಗ್ಮಾ ಮಟ್ಟದಲ್ಲಿ ನೋಡು. ಮಟ್ಟವನ್ನು ಕೆಳಗಿಳಿಸುತ್ತಾ ಹೋದರೆ ಯಾವ ಗುಂಡಿಯಲ್ಲಾದರೂ ಏನಾದರೊಂದು ಕಂಡೀತು. ಸಾಂದ್ರತೆ ದುರ್ಬಲವಾಗಿದ್ದರೆ ರಿಫೈನ್ ಮಾಡುವ ತಂತ್ರಾಂಶವಾದ ಫೀನಿಕ್ಸ್‌ನಲ್ಲಿ ಪೋಲ್ಡರ್ ನಕ್ಷೆ ಎಂಬುದಿದೆ, ಅದನ್ನೂ ಹಾಕು. ಗುಂಡಿಯೊಳಗೆ ದ್ರವವಿದೆ ಎಂದು ಪ್ರೋಗ್ರಾಂ ತಾನೇ ಊಹಿಸಿ ತುಂಬಿಬಿಡುವುದರಿಂದ ಮಸುಕಾದ ಅಣು ಮುಚ್ಚಿಹೋಗುವುದುಂಟು. ಪೋಲ್ಡರ್ ಆ ತುಂಬುವಿಕೆಯನ್ನು ತಡೆಯುತ್ತದೆ.

ಕಂಡದ್ದು ನಿನ್ನ ಅಣುವಿನ ಆಕಾರದ್ದೇ? ಉಂಗುರವಿರುವ ಕಡೆ ಉಂಗುರದ ಚಪ್ಪಟೆತನ ಇದೆಯೇ? ಇಲ್ಲಿ ನಿನ್ನ ನೋಟ್‌ಬುಕ್ ತೆಗೆದು ಹರಳು ಬೆಳೆಸಿದ ಹನಿಯಲ್ಲಿ ಏನೇನಿತ್ತು ಎಂದು ಬರೆದಿಟ್ಟುಕೊ. ಸಲ್ಫೇಟ್, ಸಿಟ್ರೇಟ್, ಟ್ರಿಸ್, ಪಾಲಿಎಥಿಲೀನ್ ಗ್ಲೈಕಾಲ್, ದ್ರವ ಸಾರಜನಕಕ್ಕೆ ಅದ್ದುವ ಮುನ್ನ ಹಾಕಿದ ಗ್ಲಿಸರಾಲ್, ಇವೆಲ್ಲ ಕಿಣ್ವದ ಗುಂಡಿಯಲ್ಲಿ ಹೋಗಿ ಕೂರುವ ಅಭ್ಯಾಸದವು. ಔಷಧ ಹಾಕದ ಹರಳಿನ ಡೇಟಾದಲ್ಲೂ ಅದೇ ಗಡ್ಡೆ ಇದ್ದರೆ ಅಲ್ಲಿಗೆ ಉತ್ತರ ಸಿಕ್ಕಿದಂತೆ. ಅಣುವನ್ನು ಮತ್ತೆ ಕೂರಿಸುವ ಸಂದರ್ಭ ಬಂದರೆ ನಕ್ಷೆಗೂ ಅಣುವಿಗೂ ಇರುವ ಹೊಂದಾಣಿಕೆಯ ಅಂಕಿ 0.8ಕ್ಕಿಂತ ಕೆಳಗಿದೆಯೇ, ಅದರ ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗಾಡುತ್ತಿದೆ ಎಂಬ ಅಂಕಿ) ಸುತ್ತಲಿನ ಅಮೈನೊ ಆಮ್ಲಗಳಿಗಿಂತ ಎರಡು ಮೂರು ಪಟ್ಟು ಇದೆಯೇ ನೋಡು. ಇದ್ದರೆ ಅದು ಅಲ್ಲಿಲ್ಲ, ಅಥವಾ ಕೆಲವೇ ಪ್ರೋಟೀನುಗಳಲ್ಲಿ ಇದೆ.

ಈಗ ನಿನ್ನನ್ನು ನಿದ್ದೆಗೆಡಿಸಿದ ಎರಡು ಅಂಕಿಗಳ ವಿಚಾರ. ಮಾದರಿಯಿಂದ ಲೆಕ್ಕ ಹಾಕಿದ ಚುಕ್ಕೆಗಳಿಗೂ ಅಳೆದ ಚುಕ್ಕೆಗಳಿಗೂ ಇರುವ ಅಂತರವೇ ಆರ್. ಪರಮಾಣುಗಳನ್ನು ಮನಬಂದಂತೆ ಚೆಲ್ಲಿದರೂ ಅದು ಶೇ. 59ರ ಸುಮಾರಿಗೆ ಬರುತ್ತದೆ. ತೊಂದರೆಯೆಂದರೆ ಪ್ರತಿ ಪರಮಾಣುವಿಗೂ ಸ್ಥಾನದ ಮೂರು, ಬಿ-ಫ್ಯಾಕ್ಟರಿನ ಒಂದು, ಹೀಗೆ ನಾಲ್ಕು ಅಂಕಿಗಳನ್ನು ಹೊಂದಿಸುತ್ತೇವೆ. 2.6 ಆಂಗ್‌ಸ್ಟ್ರಾಂನಲ್ಲಿ ಅಳೆದ ಚುಕ್ಕೆಗಳೂ ಹೊಂದಿಸುವ ಅಂಕಿಗಳೂ ಹೆಚ್ಚುಕಡಿಮೆ ಸಮಸಮ. ಅಷ್ಟು ಸಡಿಲ ಸಿಕ್ಕರೆ ತಪ್ಪು ಮಾದರಿಯನ್ನೂ ಡೇಟಾಕ್ಕೆ ಒಗ್ಗಿಸಿಬಿಡಬಹುದು. 1990ರಲ್ಲಿ ಬ್ರಾಂಡೆನ್ ಮತ್ತು ಜೋನ್ಸ್ ಇದನ್ನೇ ಎತ್ತಿ ಹೇಳಿದರು. ಅದಾಗಿ ಎರಡು ವರ್ಷಕ್ಕೆ ಆಕ್ಸೆಲ್ ಬ್ರುಂಗರ್ ಆರ್-ಫ್ರೀ ತಂದರು. ಚುಕ್ಕೆಗಳಲ್ಲಿ ನೂರಕ್ಕೆ ಐದೋ ಹತ್ತೋ ಪಾಲನ್ನು ಮೊದಲೇ ಬದಿಗಿಟ್ಟು, ಉಳಿದವುಗಳ ಮೇಲೆ ಮಾತ್ರ ರಿಫೈನ್ ಮಾಡಿ, ಬದಿಗಿಟ್ಟದ್ದರ ಮೇಲೆ ಮಾದರಿಯನ್ನು ಒರೆಗೆ ಹಚ್ಚುವ ಕ್ರಮ ಅದು.

ಇದರ ಬೆಲೆ ಎಷ್ಟೆಂದು ತೋರಿಸಿದ ಪ್ರಯೋಗವೊಂದನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಕ್ಲೇವೆಕ್ಟ್ ಮತ್ತು ಜೋನ್ಸ್ ರಚನೆ ಗೊತ್ತಿದ್ದ ಒಂದು ಪ್ರೋಟೀನಿನ ಸರಪಳಿಯನ್ನು ಬೇಕೆಂದೇ ತಿರುವುಮುರುವಾಗಿ, ತುದಿಯಿಂದ ಮೊದಲಿಗೆ ಕಟ್ಟಿದರು. ಒಂದು ಅಮೈನೊ ಆಮ್ಲವೂ ತನ್ನ ಜಾಗದಲ್ಲಿ ಇರಲಿಲ್ಲ. ಸಡಿಲ ಬಿಟ್ಟು ರಿಫೈನ್ ಮಾಡಿದಾಗ ಆರ್ ಶೇ. 21ರ ಹತ್ತಿರ ಬಂತು. ಆರ್-ಫ್ರೀ ಮಾತ್ರ ಶೇ. 60 ದಾಟಿಯೇ ಉಳಿಯಿತು, ಪರಮಾಣು ಚೆಲ್ಲಿದ ಮಾದರಿಯ ಮಟ್ಟದಲ್ಲಿ. 1995ರಲ್ಲಿ ಅವರು ಇದನ್ನು ಪ್ರಕಟಿಸಿದರು. ನಿನ್ನ ಆರ್ ಕೂಡ 21 ಎಂಬುದನ್ನು ಗಮನಿಸು. ಹೆದರಿಸಲು ಹೇಳುತ್ತಿಲ್ಲ, ನಿನ್ನ ಆರ್-ಫ್ರೀ 29 ಆದ್ದರಿಂದ ಸರಪಳಿಯ ಹಾದಿ ಸರಿಯಾಗಿಯೇ ಇದೆ. ಆದರೆ ಆರ್ ಒಂದನ್ನೇ ನೋಡಿ ಯಾರೂ ಸಮಾಧಾನಪಡುವಂತಿಲ್ಲ.

ಎರಡರ ನಡುವೆ 8ರ ಅಂತರವಿರುವುದಕ್ಕೆ ಕಾರಣವನ್ನು ನಿನ್ನ ಪತ್ರವೇ ಹೇಳುತ್ತಿದೆ. ನೀರು ಸೇರಿಸಿದಷ್ಟೂ ಆರ್ ಇಳಿದು ಆರ್-ಫ್ರೀ ಅಲ್ಲಾಡದಿದ್ದರೆ ನೀನು ನೀರಿನ ಹೆಸರಲ್ಲಿ ಗದ್ದಲವನ್ನು ತುಂಬುತ್ತಿದ್ದೀ ಎಂದೇ ಅರ್ಥ. ಅಮೈನೊ ಆಮ್ಲಕ್ಕೊಂದರಂತೆ ನೀರು ಕಾಣುವುದು 2 ಆಂಗ್‌ಸ್ಟ್ರಾಂ ಆಸುಪಾಸಿನಲ್ಲಿ. 2.6ಕ್ಕೆ ಅದರಲ್ಲಿ ಒಂದು ಪಾಲು ಸಿಕ್ಕರೆ ಹೆಚ್ಚು. ಹೈಡ್ರೋಜನ್ ಬಂಧ ಮಾಡಲು ಪಕ್ಕದಲ್ಲಿ ಯಾರೂ ಇಲ್ಲದ ನೀರು, ಬಿ-ಫ್ಯಾಕ್ಟರ್ ವಿಪರೀತವಿರುವ ನೀರು, ಎಲ್ಲವನ್ನೂ ಕಿತ್ತುಹಾಕು. ಆರ್ ಏರುತ್ತದೆ, ಏರಲಿ. ಹರಳಿನಲ್ಲಿ ಪ್ರೋಟೀನಿನ ಎರಡು ಪ್ರತಿಗಳಿದ್ದರೆ ಅವು ಪರಸ್ಪರ ಹೋಲುವಂತೆ ಬಿಗಿ ಹಾಕು. ಬಂಧಗಳ ಉದ್ದಕ್ಕೂ ಕೋನಕ್ಕೂ ಕೊಟ್ಟ ತೂಕ ಹೆಚ್ಚಿಸು. ಹರಳು ಜೋಡಿಹರಳಾಗಿದೆಯೇ ಎಂದು ಡೇಟಾ ಪರೀಕ್ಷಿಸುವ ಪ್ರೋಗ್ರಾಂ ಆದ ಎಕ್ಸ್‌ಟ್ರಯಾಜ್‌ನಲ್ಲಿ ಒಮ್ಮೆ ನೋಡು. ಈ ರೆಸಲ್ಯೂಷನ್‌ನಲ್ಲಿ ಆರ್-ಫ್ರೀ 25-26ಕ್ಕೆ ಬಂದರೆ ತೃಪ್ತಿಪಡಬಹುದು.

ಇನ್ನೊಂದು, ಬಹಳ ಮಂದಿಗೆ ಹೊಳೆಯದ್ದು. ಔಷಧ ಹಾಕದ ಹರಳಿನ ಮಾದರಿಯನ್ನೇ ತಂದು ಔಷಧ ಹಾಕಿದ ಹರಳಿಗೆ ಕೂರಿಸಿದ್ದರೆ, ಮೊದಲಿನದರಲ್ಲಿ ಬದಿಗಿಟ್ಟ ಚುಕ್ಕೆಗಳನ್ನೇ ಇದರಲ್ಲೂ ಬದಿಗಿಟ್ಟಿದ್ದೀಯಾ? ಹೊಸದಾಗಿ ಆರಿಸಿದ್ದರೆ ಅವು ಬದಿಗಿಟ್ಟವು ಎಂದು ಕರೆಸಿಕೊಂಡರೂ ಮಾದರಿ ಅವನ್ನು ಆಗಲೇ ನೋಡಿಬಿಟ್ಟಿರುತ್ತದೆ. ಆಗ ಆರ್-ಫ್ರೀಯ ಮಾತು ನಂಬುವಂತಿಲ್ಲ.

ಇಷ್ಟಾದ ಮೇಲೆ ರಾಮಚಂದ್ರನ್ ನಕ್ಷೆ. ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಇದನ್ನು 1963ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಪ್ರೋಟೀನಿನ ಬೆನ್ನೆಲುಬು ಪ್ರತಿ ಅಮೈನೊ ಆಮ್ಲದಲ್ಲೂ ಎರಡು ಕೋನಗಳಲ್ಲಿ ತಿರುಗಬಲ್ಲದು. ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಯಾವ ಯಾವ ತಿರುವುಗಳು ಸಾಧ್ಯ ಎಂದು ಅವರು ತೋರಿಸಿಕೊಟ್ಟರು. ಎಪ್ಪತ್ತರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕ ಭೌತಶಾಸ್ತ್ರದ ವಿಭಾಗ ಕಟ್ಟಿದರು. ಇಂದಿಗೂ ಜಗತ್ತಿನ ಯಾವ ಲ್ಯಾಬ್‌ನಲ್ಲಿ ಪ್ರೋಟೀನು ಬಿಡಿಸಿದರೂ ಈ ಪರೀಕ್ಷೆ ದಾಟಿಯೇ ಮುಂದೆ ಹೋಗಬೇಕು. ಶೇ. 98ರಷ್ಟು ಅಮೈನೊ ಆಮ್ಲಗಳು ಒಳ್ಳೆಯ ಪ್ರದೇಶದಲ್ಲಿರಬೇಕೆಂಬುದು ಈಗಿನ ಗುರಿ. ಆದರೆ ರಿಫೈನ್‌ಮೆಂಟಿನಲ್ಲಿ ಆ ಕೋನಗಳನ್ನೇ ಬಿಗಿಯಾಗಿ ಕಟ್ಟಿಹಾಕಿ ಅಂಕಿ ಚೆಂದ ಮಾಡಿಕೊಳ್ಳಬೇಡ. ಹಾಗೆ ಕಟ್ಟಿಹಾಕದೆ ಉಳಿಸಿದ್ದರಿಂದಲೇ ಅದು ಸ್ವತಂತ್ರ ಸಾಕ್ಷಿಯಾಗಿ ನಿಂತಿದೆ. ಹೊರಗುಳಿದ ಪ್ರತಿಯೊಂದನ್ನೂ ಮಾದರಿ ಕಟ್ಟುವ ತಂತ್ರಾಂಶವಾದ ಕೂಟ್‌ನಲ್ಲಿ ತೆರೆದು ನಕ್ಷೆಯ ಎದುರು ನೋಡು. ಹೆಚ್ಚಿನವು ತಪ್ಪಾಗಿ ಕಟ್ಟಿದವೇ ಆಗಿರುತ್ತವೆ. ಅಪರೂಪಕ್ಕೆ ಒಂದು, ಅದೂ ಕಿಣ್ವದ ಕೆಲಸ ನಡೆಯುವ ಗುಂಡಿಯ ಬಳಿ, ನಕ್ಷೆ ನಿಚ್ಚಳವಾಗಿದ್ದೂ ಹೊರಗೇ ಉಳಿಯುತ್ತದೆ. ಅದನ್ನು ತಿದ್ದಬಾರದು. ಕಿಣ್ವ ಅಲ್ಲಿ ಹಾಗೆ ತಿರುಚಿಕೊಂಡಿರುವುದಕ್ಕೆ ಕಾರಣವಿರುತ್ತದೆ.

ನಂಬಲು ಕಷ್ಟವಾದದ್ದು ಕಂಡಾಗ ಹೇಗೆ ನಡೆದುಕೊಳ್ಳಬೇಕು ಎನ್ನಲು ನಮ್ಮ ಬಾದಾಮಿ, ಹುನಗುಂದದ ಹೊಲಗಳಲ್ಲೂ ಬೆಳೆಯುವ ಶೇಂಗಾದ್ದೇ ಉದಾಹರಣೆ ಇದೆ. ಶೇಂಗಾದ ಕಾಳಿನಲ್ಲಿ ಸಕ್ಕರೆಯ ಅಣುಗಳನ್ನು ಹಿಡಿಯುವ ಲೆಕ್ಟಿನ್ ಎಂಬ ಪ್ರೋಟೀನಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ, ಎ. ಸುರೋಲಿಯಾ ಅವರ ಜೊತೆಗೂಡಿ, ಅದರ ಹರಳಿನ ಕೆಲಸವನ್ನು ಎಂಬತ್ತರ ದಶಕದಲ್ಲಿ ಶುರು ಮಾಡಿತು. ವಿಜಯನ್ ಬೆಂಗಳೂರಿನಲ್ಲೇ ಎಂ. ಎ. ವಿಶ್ವಾಮಿತ್ರ ಅವರ ಕೈಯಲ್ಲಿ ಪಿಎಚ್.ಡಿ ಮಾಡಿ, ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ಇನ್ಸುಲಿನ್ ತಂಡದಲ್ಲಿ ದುಡಿದು ಬಂದವರು. ಒಂದೇ ಬಗೆಯ ನಾಲ್ಕು ಘಟಕಗಳಿಂದಾದ ಪ್ರೋಟೀನು ಎಂದರೆ ನಾಲ್ಕೂ ಒಂದಕ್ಕೊಂದು ಸಮನಾದ ಸ್ಥಾನದಲ್ಲಿ ಕೂಡಿರುತ್ತವೆಂದು ಎಲ್ಲರೂ ನಿರೀಕ್ಷಿಸುತ್ತಾರೆ. ಶೇಂಗಾ ಲೆಕ್ಟಿನ್ ಹಾಗಿರಲಿಲ್ಲ. ಅಂಥ ಸಮ್ಮಿತಿಯಿಲ್ಲದ, ತೆರೆದ ಜೋಡಣೆ ಅದರದು. 1994ರಲ್ಲಿ 2.95 ಆಂಗ್‌ಸ್ಟ್ರಾಂ ರಚನೆ ಪ್ರಕಟಿಸಿದವರು ಅಲ್ಲಿಗೇ ನಿಲ್ಲಲಿಲ್ಲ. ಲ್ಯಾಕ್ಟೋಸ್ ಕೂಡಿದ ರಚನೆಯನ್ನು 2.25 ಆಂಗ್‌ಸ್ಟ್ರಾಂವರೆಗೆ ರಿಫೈನ್ ಮಾಡಿ 1996ರಲ್ಲಿ ವಿವರವಾಗಿ ಬರೆದರು. ಎಂಬತ್ತರ ದಶಕದಲ್ಲಿ ಹಿಡಿದ ಕೆಲಸ ಅದು. ನಾಲ್ಕನೇ ವರ್ಷಕ್ಕೆ ನೀನು ಹಿಂದೆ ಬಿದ್ದಿದ್ದೀ ಎಂದು ಯಾರು ಹೇಳಿದರೂ ಒಪ್ಪಬೇಡ.

ಸರ್ ಎದುರು ಹೇಗೆ ಮಾತಾಡುವುದು? ಅವರನ್ನು ಕೆಟ್ಟವರೆಂದು ನಾನು ತಿಳಿದಿಲ್ಲ, ನೀನೂ ತಿಳಿಯಬೇಡ. ಪ್ರಾಜೆಕ್ಟಿನ ಅವಧಿ, ಅನುದಾನದ ವರದಿ ಅವರ ತಲೆಯ ಮೇಲೆ ಇರುತ್ತವೆ. ಮಸುಕು ಗಡ್ಡೆಯಲ್ಲಿ ಬೇಕಾದ ಅಣು ಕಾಣುವುದು ಮನುಷ್ಯ ಸಹಜ. “ನನಗೆ ನಂಬಿಕೆ ಬರುತ್ತಿಲ್ಲ ಸರ್” ಎಂದರೆ ಮಾತು ನಿನ್ನ ಅಳುಕಿನ ಕಡೆ ತಿರುಗುತ್ತದೆ. ಹಾಗಾಗಿ ಚಿತ್ರ ಹಿಡಿದುಕೊಂಡು ಹೋಗು. ಅಣು ತೆಗೆದ ಮೇಲಿನ ವ್ಯತ್ಯಾಸದ ನಕ್ಷೆ, ಗ್ಲಿಸರಾಲೋ ಸಿಟ್ರೇಟೋ ಕೂರಿಸಿದ ನಕ್ಷೆ, ಔಷಧ ಕೂರಿಸಿದ ನಕ್ಷೆ, ಮೂರನ್ನೂ ಒಂದೇ ಮಟ್ಟದಲ್ಲಿ, ಒಂದೇ ಕೋನದಿಂದ ತೆಗೆದಿರಲಿ. “ಸರ್, ಇವುಗಳಲ್ಲಿ ಯಾವುದು ಸರಿ ಅಂತ ನೀವೇ ನೋಡಿ ಹೇಳಿ” ಎಂದು ಮುಂದಿಡು.

ಆಗಲೂ ಅವರು ಕೂರಿಸು ಎಂದರೆ ಅವರ ಹಿತದ್ದೇ ಒಂದು ಮಾತಿದೆ. 2008ರಿಂದ ಮಾದರಿಯ ಜೊತೆ ಅಳೆದ ಡೇಟಾವನ್ನೂ ಜಗತ್ತಿನ ಪ್ರೋಟೀನ್ ರಚನೆಗಳ ಭಂಡಾರವಾದ ಪಿಡಿಬಿಗೆ ಕೊಡುವುದು ಕಡ್ಡಾಯ. ಕೊಟ್ಟ ಕೂಡಲೇ ಅವರು ಒಂದು ಪರಿಶೀಲನಾ ವರದಿ ಕಳಿಸುತ್ತಾರೆ. ಆರ್-ಫ್ರೀ, ಪರಮಾಣುಗಳ ಡಿಕ್ಕಿ, ರಾಮಚಂದ್ರನ್, ಲಿಗ್ಯಾಂಡಿನ (ಕಿಣ್ವಕ್ಕೆ ಅಂಟಿದ ಅಣುವಿನ) ಹೊಂದಾಣಿಕೆ ಎಲ್ಲವೂ ಅದರಲ್ಲಿರುತ್ತದೆ. ಪತ್ರಿಕೆಗಳ ವಿಮರ್ಶಕರು ಆ ವರದಿ ಕೇಳಿ ತರಿಸಿಕೊಳ್ಳುತ್ತಾರೆ. ಆಮೇಲೆ ಜಗತ್ತಿನ ಯಾರು ಬೇಕಾದರೂ ಡೇಟಾ ಇಳಿಸಿಕೊಂಡು ನಕ್ಷೆ ತೆರೆದು ನೋಡಬಹುದು. ಹುನಗುಂದದ ಕಾಲೇಜಿನ ಹುಡುಗನೊಬ್ಬ ಲ್ಯಾಪ್‌ಟಾಪಿನಲ್ಲಿ ಕೂಟ್ ಹಾಕಿಕೊಂಡು ನೋಡಿದರೂ ಗೊತ್ತಾಗುತ್ತದೆ, ಕೂಟ್‌ಗೆ ದುಡ್ಡು ಬೇಕಿಲ್ಲ. ಇದನ್ನು ಬೆದರಿಕೆಯಂತೆ ಹೇಳಬೇಡ. “ವರದಿಯಲ್ಲಿ ಇದು ಎದ್ದು ಕಾಣುತ್ತದೆ ಸರ್, ಈಗಲೇ ಸರಿ ಮಾಡಿಕೊಳ್ಳೋಣ” ಅನ್ನು. ಜೊತೆಗೆ ದಾರಿಯನ್ನೂ ಹೇಳು: ಔಷಧದ ಪ್ರಮಾಣ ಹೆಚ್ಚಿಸಿ ಹರಳನ್ನು ಇನ್ನಷ್ಟು ಹೊತ್ತು ನೆನೆಸುವುದು, ಸಿಟ್ರೇಟ್ ಇಲ್ಲದ ಬಫರಿನಲ್ಲಿ ಬೆಳೆಸುವುದು, ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನ ಪ್ರೋಟೀನ್ ಬೀಮ್‌ಲೈನಿನಲ್ಲಿ ಸಮಯಕ್ಕೆ ಅರ್ಜಿ ಹಾಕಿ ಇನ್ನೂ ಸ್ಪಷ್ಟ ಡೇಟಾ ತರುವುದು, ಔಷಧ ಕಿಣ್ವಕ್ಕೆ ಅಂಟುತ್ತದೆಯೇ ಎಂದು ದ್ರಾವಣದಲ್ಲೇ ಬೇರೆ ವಿಧಾನದಿಂದ ಅಳೆಯುವುದು. ಇಷ್ಟಕ್ಕೂ ಅವರು ಜಗ್ಗದಿದ್ದರೆ ನಿನ್ನ ಪಿಎಚ್.ಡಿಗೆ ಒಂದು ಸಲಹಾ ಸಮಿತಿ ಇದ್ದೇ ಇರುತ್ತದೆ. ಮುಂದಿನ ಸಭೆಯಲ್ಲಿ ಅದೇ ಮೂರು ಚಿತ್ರಗಳನ್ನು ಅಲ್ಲಿಡು. ನಿನ್ನ ಹೆಸರಿರುವ ಪೇಪರಿನಲ್ಲಿ ನಿನಗೆ ಕಾಣದ ಅಣು ಇರಬಾರದು. ಇದೊಂದರಲ್ಲಿ ಮಾತ್ರ ಬಗ್ಗಬೇಡ.

ಅಣ್ಣನ ಪ್ರಶ್ನೆಗೆ ಸಿಟ್ಟಾಗಬೇಡ. ನೀನು ಏನು ಮಾಡುತ್ತೀ ಎಂದು ಮನೆಯಲ್ಲಿ ಯಾರಿಗೂ ಯಾರೂ ಹೇಳಿಲ್ಲ, ಅಷ್ಟೇ. ಅವ್ವನಿಗೆ ಹೇಳುವುದು ಸುಲಭ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಎಳೆಗೆ ಎಳೆ ಕೂಡಿಸಬೇಕು. ನಾನು ಕಟ್ಟಿದ್ದು ಒಂದು ಕಡೆ, ಹರಳು ಹೇಳಿದ್ದು ಇನ್ನೊಂದು ಕಡೆ, ಈಗ ಕೊಂಡಿ ಹಾಕುತ್ತಿದ್ದೇನೆ, ಕೆಲವು ಎಳೆ ಕೂಡುತ್ತಿಲ್ಲ ಎಂದು ಹೇಳು. ಅವಸರ ಮಾಡು ಎಂದು ಅವಳು ಹೇಳಲಾರಳು. ಅಣ್ಣನಿಗೂ ಅವಳೇ ತಿಳಿಸುತ್ತಾಳೆ.

ಇನ್ನು ನೀನು ತಕ್ಕವಳೇ ಎಂಬ ಪ್ರಶ್ನೆ. ಬಿ.ಎಡ್ ಒಳ್ಳೆಯ ಓದು, ಮೇಷ್ಟ್ರಾಗುವ ಆಸೆ ನಿನಗೆ ನಿಜವಾಗಿ ಇದ್ದರೆ ಮಾಡು. 29ರ ಭಯದಿಂದ ಮಾಡಬೇಡ. ಆರ್-ಫ್ರೀ ಅಳೆಯುವುದು ಮಾದರಿಯನ್ನು, ನಿನ್ನನ್ನಲ್ಲ. ಹೊಸಬರಲ್ಲಿ ಹೆಚ್ಚಿನವರು ನಕ್ಷೆ ಚೆಂದ ಕಂಡ ಕೂಡಲೇ ಹಗುರಾಗುತ್ತಾರೆ. ಚೆಂದ ಕಂಡದ್ದಕ್ಕೇ ನಿನಗೆ ಸಂಶಯ ಬಂತು. ನನ್ನ ಲ್ಯಾಬ್‌ನಲ್ಲಿ ನಿನ್ನಂಥವಳೊಬ್ಬಳು ಇದ್ದಿದ್ದರೆ ಎಲ್ಲರ ರಚನೆಯನ್ನೂ ಪಿಡಿಬಿಗೆ ಕಳಿಸುವ ಮುನ್ನ ಅವಳ ಕೈಗೆ ಕೊಟ್ಟು ನೋಡಿಸುತ್ತಿದ್ದೆ.

ಔಷಧವಿಲ್ಲದ ರಚನೆಯೂ ಥೀಸಿಸ್ಸಿನ ಒಂದು ಪೂರ್ತಿ ಅಧ್ಯಾಯ ಎಂಬುದನ್ನು ಮರೆಯಬೇಡ. ಆ ಕಿಣ್ವದ ರಚನೆಯನ್ನು ಈವರೆಗೆ ಯಾರೂ ಪಿಡಿಬಿಗೆ ಕೊಟ್ಟಿಲ್ಲವಾದರೆ ಅದಕ್ಕೇ ಒಂದು ಪೇಪರಿನ ತೂಕವಿದೆ. ಅದನ್ನು ಮೊದಲು ಮುಗಿಸಿ ಬರೆದಿಡು, ಗುಂಡಿಯಲ್ಲಿನ ಗಡ್ಡೆಯನ್ನು ಗುರುತು ಸಿಗದ ಸಾಂದ್ರತೆ ಎಂದೇ ನಮೂದಿಸು. ಹಾಗೆ ಬರೆಯುವುದು ಅವಮಾನವಲ್ಲ, ಪಿಡಿಬಿಯಲ್ಲಿ ಅದಕ್ಕೆ ಪ್ರತ್ಯೇಕ ಗುರುತೇ ಇದೆ. ಪ್ರತಿ ಸುತ್ತಿನ ರಿಫೈನ್‌ಮೆಂಟಿಗೂ ದಿನಾಂಕ ಹಾಕಿ, ಏನು ತೆಗೆದೆ, ಏನು ಸೇರಿಸಿದೆ, ಎರಡೂ ಆರ್ ಎಷ್ಟಾದವು ಎಂದು ಒಂದೊಂದು ಸಾಲು ಬರೆಯುತ್ತ ಹೋಗು. ಮೊದಲ ಸಾಲು ನೀರು ಕಿತ್ತ ದಿನದ್ದಾಗಿರಲಿ. ಅಣು ತೆಗೆದ ನಕ್ಷೆಯಲ್ಲಿ ಏನು ಕಂಡಿತೆಂದು ನನಗೂ ಬರೆ.